ಅಂಗಳದ ಹಾದಿಯ ಹಕ್ಕುದಾರರಾದ ಸ್ತಾಥಿಸ್ ಕತ್ತೆಯವರಿಗೆ

ಮಾನ್ಯರೇ,

ಚತುಷ್ಪಾದ ಸಂಪನ್ನರೂ, ದೀರ್ಘಕರ್ಣ ಭೂಷಿತರೂ, ನಮ್ಮ ದ್ವೀಪದ ಮೇಲೂರಿನಲ್ಲಿ ಪಾಂಟೆಲಿಸ್ ಅಜ್ಜನ ಕೊಟ್ಟಿಗೆಯನ್ನು ತಮ್ಮ ವಾಸದಿಂದ ಪಾವನಗೊಳಿಸಿರುವವರೂ ಆದ ತಮ್ಮ ಸನ್ನಿಧಾನಕ್ಕೆ, ಅದೇ ಊರಿನ ಜಂಬೇತಾ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿರುವ, ಜಾರ್ಜಿಯಾ ದೇಶದಿಂದ ಬಂದ ಲಮಾರಾ ಮಾಡುವ ಸಾವಿರ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂಬುದನ್ನು ನಾನು ದಿನಾ ಬೆಳಿಗ್ಗೆ ಅಂಗಳದಲ್ಲಿ ಬಿದ್ದಿರುವ ಲದ್ದಿಯಿಂದಲೇ ತಿಳಿದುಕೊಳ್ಳುತ್ತಿದ್ದೇನೆ. ನನ್ನ ಕ್ಷೇಮವನ್ನು ತಾವು ಒಮ್ಮೆಯೂ ವಿಚಾರಿಸದ ಕಾರಣ ಈ ಪತ್ರ ಬರೆಯಬೇಕಾಗಿ ಬಂದಿದೆ.

ತಮಗೆ ಓದಲು ಬಾರದು ಎಂಬುದು ನನಗೆ ಗೊತ್ತಿದೆ. ಆದರೆ ಮನೆ ಕೊಳ್ಳಲು ಹೊರಟ ದಿನದಿಂದ ಈ ದೇಶದ ಕಚೇರಿಗಳಿಗೆ ನಾನು ಬರೆದ ಪತ್ರಗಳನ್ನು ಓದು ಬಲ್ಲವರು ಓದಿದ ಲಕ್ಷಣವೂ ಕಾಣದಿರುವುದರಿಂದ, ಆ ಲೆಕ್ಕದಲ್ಲಿ ತಾವೂ ಒಂದು ಕಚೇರಿಯೇ ಎಂದು ಭಾವಿಸಿ ಧೈರ್ಯ ಮಾಡಿದ್ದೇನೆ. ಇದರ ಪ್ರತಿಯೊಂದನ್ನು ಕಾಫಿ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ. ಅಲ್ಲಿ ಕೂತು ಇಡೀ ದಿನ ಒಂದೇ ಕಪ್ ಕಾಫಿ ಕುಡಿಯುವ ಮಹನೀಯರಿಗೆ ಓದಲು ಬರುತ್ತದೆ, ಪುರುಸೊತ್ತೂ ಇದೆ.

ವಿಷಯಕ್ಕೆ ಬರುತ್ತೇನೆ. ನಾನು ಈ ದೇಶಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಈ ಇಪ್ಪತ್ತು ವರ್ಷವೂ ನಾನು ಮಲಗಿದ್ದು ಯಾರದೋ ಅಡುಗೆಮನೆಯ ಮೂಲೆಯಲ್ಲಿ, ಯಾರದೋ ಮಡಿಸುವ ಮಂಚದ ಮೇಲೆ, ಮಂಚದ ಕೆಳಗೆ ನನ್ನ ಸೂಟ್‌ಕೇಸು ಇಟ್ಟುಕೊಂಡು. ನಾನು ಉಣಿಸಿ, ಮೀಯಿಸಿ, ಬೈಸಿಕೊಂಡು ಸಾಕಿದ ಮುದುಕರು ಒಬ್ಬೊಬ್ಬರಾಗಿ ತೀರಿಕೊಂಡಾಗ, ಅವರ ಮಕ್ಕಳು ಕಣ್ಣೊರೆಸಿಕೊಳ್ಳುತ್ತಲೇ ನನ್ನ ಹತ್ತಿರ ಬಂದು ಹೇಳುತ್ತಿದ್ದ ಮಾತು ಎಲ್ಲ ಮನೆಯಲ್ಲೂ ಒಂದೇ: "ಲಮಾರಾ, ನಿನ್ನ ಉಪಕಾರ ಮರೆಯೋ ಹಾಗಿಲ್ಲ. ಸಂಜೆ ಒಳಗೆ ಜಾಗ ಖಾಲಿ ಮಾಡಿಬಿಡ್ತೀಯಾ? ನೆಂಟರು ಬರ್ತಾರೆ." ಈ ಮಾತನ್ನು ಇನ್ನೊಮ್ಮೆ ಕೇಳದೆ ಸಾಯಬೇಕು ಎಂಬುದು ನನ್ನ ಒಂದೇ ಆಸೆ. ಯಾರೂ ಖಾಲಿ ಮಾಡು ಎನ್ನಲಾಗದ ಒಂದು ಬಾಗಿಲು ಬೇಕು, ಅಷ್ಟೆ. ತಮ್ಮಂಥ ಸ್ಥಿರವಾಸಿಗಳಿಗೆ ಇದು ಅರ್ಥವಾಗುವುದು ಕಷ್ಟ.

ನನ್ನ ಈ ಆಸೆಯನ್ನು ಜಂಬೇತಾ ಅಜ್ಜಿ ಹೇಗೋ ಅರಿತರು. ಒಂದು ದಿನ ಕಾಲು ಒತ್ತಿಸಿಕೊಳ್ಳುತ್ತಾ, "ಈ ಮನೆ ನೀನೇ ತಗೋ ಕಣೇ. ನಿನ್ನ ಕೈಲಾದ್ದು ಕೊಡು. ನನ್ನ ಗಂಡುಮಕ್ಕಳು ಆಸ್ಟ್ರೇಲಿಯಾದಿಂದ ಬಂದು ಮಾಡೋದೇನಿದೆ, ಹೋಟೆಲಿನವನಿಗೆ ಮಾರ್ತಾರೆ. ಅವನು ನನ್ನ ಅಂಜೂರದ ಮರ ಕಡಿದು ಈಜುಕೊಳ ತೋಡ್ತಾನೆ" ಎಂದರು. ಫೋನಿನಲ್ಲಿ ಮಕ್ಕಳನ್ನು ಕೇಳಿದ್ದಕ್ಕೆ ಹಿರಿಯ ಮಗ ಬಹಳ ಧಾರಾಳವಾಗಿ, "ಅಮ್ಮ ಇರೋ ತನಕ ಅಮ್ಮನ ಇಷ್ಟ. ಅಮ್ಮ ಹೋದ ಮೇಲೆ ನಮ್ಮಿಷ್ಟ" ಎಂದ. ಅಂದರೆ, ಎಂಬತ್ತೊಂಬತ್ತು ವರ್ಷದ ಅಜ್ಜಿ ಬುದ್ಧಿ ನೆಟ್ಟಗಿರುವಾಗ, ಉಸಿರಿರುವಾಗ, ನೋಟರಿಯ ಮುಂದೆ ಕೂತು ಸಹಿ ಹಾಕಿದರೆ ಮನೆ ನನ್ನದು. ಇಲ್ಲದಿದ್ದರೆ ಮತ್ತದೇ ಸೂಟ್‌ಕೇಸು.

ಆಮೇಲೆ ಶುರುವಾಯಿತು ನೋಡಿ ಕಾಯುವ ಕೆಲಸ. ನಮ್ಮದು ಗಡಿಯ ದ್ವೀಪವಾದ್ದರಿಂದ ವಿದೇಶಿಯರು ಮನೆ ಕೊಳ್ಳಲು ಸರ್ಕಾರದ ಅಪ್ಪಣೆ ಬೇಕು. ಮಂಡಿನೋವಿನ ಮುಲಾಮು ಹಚ್ಚಿಕೊಂಡು ಮಲಗುವ ನನ್ನಿಂದ ದೇಶದ ಭದ್ರತೆಗೆ ಧಕ್ಕೆಯಿಲ್ಲವೆಂದು ಖಾತ್ರಿಪಡಿಸಿಕೊಳ್ಳುವಷ್ಟರಲ್ಲಿ ಎರಡು ಸಲ ಆಲಿವ್ ಕೊಯ್ಲು ಮುಗಿಯಿತು. ಅಜ್ಜಿ ಹುಟ್ಟಿದಾಗ ಈ ದ್ವೀಪ ಇಟಲಿಯವರ ಕೈಯಲ್ಲಿತ್ತಾದ್ದರಿಂದ, ಅವರು ತಾನು ತಾನೇ ಎಂದು ಸಾಬೀತುಪಡಿಸಲು ಇಬ್ಬರು ಸಾಕ್ಷಿಗಳು ಬೇಕಾದರು. ಅಜ್ಜಿಯ ವಯಸ್ಸಿನ ಸಾಕ್ಷಿಗಳು ಬಹುತೇಕ ಸ್ಮಶಾನದಲ್ಲಿದ್ದುದರಿಂದ ಅದೂ ನಿಧಾನವಾಯಿತು. ನೋಟರಿ ಪಕ್ಕದ ದ್ವೀಪದಿಂದ ಗುರುವಾರ ಮಾತ್ರ ಹಡಗಿನಲ್ಲಿ ಬರುತ್ತಾರೆ. ಗಾಳಿ ಎದ್ದರೆ ಹಡಗಿಲ್ಲ, ಮತ್ತು ಗುರುವಾರದ ಮೇಲೆ ಗಾಳಿಗೆ ಏನೋ ವಿಶೇಷ ಪ್ರೀತಿ. ನಮ್ಮ ವಕೀಲ ಅರಿಸ್ತೀದಿಸ್ ಅವರಂತೂ ನಾನು ಮೆಟ್ಟಿಲು ಹತ್ತುವ ಸದ್ದು ಕೇಳಿದೊಡನೆ, "ಆಗೇ ಹೋಯ್ತು ತಾಯಿ, ಇನ್ನೇನು, ನಾಳೆ ಬಾ" ಎನ್ನುತ್ತಾರೆ. ನಾಳೆ ಬಾ ಎಂದು ಬಾಗಿಲ ಮೇಲೆ ಬರೆದಿಟ್ಟರೆ ದೆವ್ವವೂ ಹಿಂದಿರುಗಿ ಹೋಗುತ್ತದಂತೆ. ನಾನು ಮಾತ್ರ ಮಾರನೆಯ ದಿನ ತಪ್ಪದೆ ಹೋಗುತ್ತಿದ್ದೆ.

ಇಷ್ಟಾದರೂ, ಮಾನ್ಯರೇ, ಒಂದು ದಿನ ಎಲ್ಲವೂ ಮುಗಿಯುವ ಹಂತಕ್ಕೆ ಬಂತು. ಮನೆಯ ನಕ್ಷೆಯೊಂದು ಬಾಕಿ ಇತ್ತು. ಪೇಟೆಯಿಂದ ಇಂಜಿನಿಯರ್ ಬಂದರು, ಗೋಡೆ ಅಳೆದರು, ಒಲೆಗೂಡು ಅಳೆದರು, ಅಂಜೂರದ ಮರವನ್ನೂ ಅಳೆದರು. ನಾನು ಕಾಫಿ ಮಾಡಿ, ಕಿತ್ತಳೆ ಸಿಪ್ಪೆಯ ಮುರಬ್ಬ ಬಡಿಸಿ, ಅವರು ಚಮಚ ಬಾಯಿಗಿಡುವ ಹೊತ್ತಿಗೆ ಸರಿಯಾಗಿ ತಾವು ಅಂಗಳದ ಮೇಲಿನ ಬಾಗಿಲಿನಿಂದ ಒಳಗೆ ಬಂದಿರಿ. ಎರಡೂ ಕಡೆ ಸೌದೆ ಹೊರೆ ಹೊತ್ತುಕೊಂಡು, ಇಂಜಿನಿಯರರ ಮೂರು ಕಾಲಿನ ಯಂತ್ರವನ್ನು ಪಕ್ಕಕ್ಕೆ ಸರಿಸಿ, ಅಡುಗೆಮನೆಯ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಕೆಳಗಿನ ಬಾಗಿಲಿನಿಂದ ಹೊರಗೆ ಹೋದಿರಿ. ತಮ್ಮ ಹಿಂದೆ ಪಾಂಟೆಲಿಸ್ ಅಜ್ಜ ಟೋಪಿ ತೆಗೆದು ಎಲ್ಲರಿಗೂ ನಮಸ್ಕಾರ ಹೇಳಿ ಹೋದರು. ಈ ದ್ವೀಪದ ಇತಿಹಾಸದಲ್ಲೇ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದ ಏಕೈಕ ಇಂಜಿನಿಯರ್ ನನ್ನ ಪಾಲಿಗೇ ಬರಬೇಕೆ? ಅವರು ಮುರಬ್ಬ ಮುಗಿಸಿ, ನಕ್ಷೆಯ ಮೇಲೆ ಅಂಗಳದ ನಡುವೆ ಒಂದು ಚುಕ್ಕಿಗೆರೆ ಎಳೆದು, ಪಕ್ಕದಲ್ಲಿ "ಹೊರೆ ಹೊತ್ತ ಕತ್ತೆಯ ಹಾದಿ" ಎಂದು ಬರೆದರು.

ಆ ಗೆರೆ ನೋಡಿ ನೋಟರಿ ಫೈಲು ಮುಚ್ಚಿದರು. ತಮಗೆ ಹಾದಿಯ ಹಕ್ಕಿದೆಯೋ ಇಲ್ಲವೋ ತೀರ್ಮಾನವಾಗದೆ ಮನೆ ಮಾರುವಂತಿಲ್ಲವಂತೆ. ಬಹುಕಾಲದಿಂದ ನಡೆದ ಹಾದಿ ನಡೆದವನ ಹಕ್ಕಾಗುತ್ತದೆಂದೂ, ತಮ್ಮ ಯಜಮಾನರು ತಮಗೆ ಅಂಥ ಹಕ್ಕಿಲ್ಲವೆಂದು ಬರೆದುಕೊಟ್ಟರೆ ಗೆರೆ ಅಳಿಸಬಹುದೆಂದೂ ವಕೀಲರು ತಿಳಿಸಿದರು. ನಾನು ಪನ್ನೀರು ಹಾಕಿದ ಬಾದಾಮಿ ಬಿಸ್ಕತ್ತು ಮಾಡಿಕೊಂಡು ಪಾಂಟೆಲಿಸ್ ಅಜ್ಜನ ಮನೆಗೆ ಹೋದೆ. ಅಜ್ಜ ಬಿಸ್ಕತ್ತು ತಿಂದರು, ಬೆರಳು ನೆಕ್ಕಿದರು, ಆಮೇಲೆ ಹೇಳಿದರು: "ನಾನ್ಯಾಕಮ್ಮಾ ಸಹಿ ಹಾಕಲಿ? ಆ ದಾರೀಲಿ ಹೋಗೋನು ನಾನಲ್ಲ, ಅವನು. ನಾನು ಅವನ ಹಿಂದೆ ಹೋಗ್ತೀನಿ ಅಷ್ಟೆ. ಪಂಚಾಯ್ತಿಯವರು ಹಾಕಿರೋ ಸಿಮೆಂಟ್ ರಸ್ತೇಲಿ ಅವನು ಹೋಗೋದು ಕಲಿಯಲಿ, ಆವತ್ತೇ ಸಹಿ ಹಾಕ್ತೀನಿ." ಹೆಂಡತಿಯ ತಮ್ಮನ ಮೇಲಿನ ಅಪಾರ ಪ್ರೀತಿಯಿಂದ ತಮಗೆ ಆತನ ಹೆಸರಿಟ್ಟು, ದಿನವಿಡೀ ಗುಡ್ಡದ ಮೇಲಿಂದ "ಲೇ ಸ್ತಾಥಿಸ್, ಸೋಮಾರಿ, ನಿನ್ನ ಹಣೆಬರಹಕ್ಕಿಷ್ಟು" ಎಂದು ಊರಿಗೆಲ್ಲ ಕೇಳುವಂತೆ ಕೂಗುವ ಈ ಹಿರಿಯರಿಂದ ನಾನು ಬೇರೇನು ನಿರೀಕ್ಷಿಸಬಹುದಿತ್ತು?

ಹೀಗೆ ನನ್ನ ಮನೆಯ ವ್ಯವಹಾರ ರಾಜಧಾನಿಯಿಂದ ಜಿಲ್ಲೆಗೆ, ಜಿಲ್ಲೆಯಿಂದ ನೋಟರಿಗೆ, ನೋಟರಿಯಿಂದ ತಮ್ಮ ಗೊರಸಿಗೆ ಬಂದು ನಿಂತಿತು. ಕೆಲಸ ಆಗಬೇಕಾದರೆ ಕತ್ತೆ ಕಾಲನ್ನಾದರೂ ಹಿಡಿಯಬೇಕು ಎಂದು ಹಿರಿಯರು ಹೇಳುತ್ತಾರೆ. ಹೇಳಿದವರು ಹಿಡಿದು ನೋಡಿರಲಿಕ್ಕಿಲ್ಲ. ನಾನು ಹಿಡಿದು, ರಸ್ತೆಯ ಕಡೆಗೆ ತಿರುಗಿಸಲು ನೋಡಿದೆ. ಎಡಗಾಲಿನ ಮೇಲೆ ಆದ ನೀಲಿ ಗುರುತು ಈಸ್ಟರ್ ಹಬ್ಬದವರೆಗೂ ಇತ್ತು. ರಸ್ತೆಯುದ್ದಕ್ಕೂ ಗಜ್ಜರಿ ಇಟ್ಟೆ. ತಾವು ಒಂದನ್ನೂ ಬಿಡದೆ ತಿನ್ನುತ್ತಾ ರಸ್ತೆಯ ಕೊನೆಯವರೆಗೂ ಹೋಗಿ, ನನ್ನ ಹೃದಯ ತುಂಬಿ ಬರುವಷ್ಟು ದೂರ ಹೋಗಿ, ಅಲ್ಲಿಂದ ತಿರುಗಿ ಬಂದು ಅಂಗಳದ ಮೂಲಕವೇ ಇಳಿದಿರಿ. ಊರಿನ ಪಾದ್ರಿಗಳನ್ನು ಕರೆಸಿ ರಸ್ತೆಗೆ ತೀರ್ಥ ಪ್ರೋಕ್ಷಣೆ ಮಾಡಿಸಿದೆ. ಪಾದ್ರಿಗಳು ಮಂತ್ರ ಹೇಳಲು ಕಣ್ಣು ಮುಚ್ಚಿದ ಹೊತ್ತಿನಲ್ಲಿ ತಾವು ಬಟ್ಟಲಿನ ತೀರ್ಥವನ್ನೆಲ್ಲ ಕುಡಿದಿರಿ. ಅಂದಿನಿಂದ ತಮ್ಮ ನಡಿಗೆಯಲ್ಲಿ ಇನ್ನಷ್ಟು ದೈವಿಕ ಕಳೆ ಬಂದಿರುವುದನ್ನು ಊರೇ ಗಮನಿಸಿದೆ.

ಕೊನೆಗೆ ಮೇಲಿನ ಬಾಗಿಲಿಗೆ ಹೊಸ ಬೀಗ ತಂದು ಜಡಿದೆ. ತಾವು ಬಾಗಿಲ ಹೊರಗೆ ನಿಂತು, ಇಡೀ ಊರು ಮಧ್ಯಾಹ್ನದ ನಿದ್ದೆಯಲ್ಲಿರುವ ಹೊತ್ತಿನಲ್ಲಿ, ಯಾವ ವಕೀಲರೂ ನನ್ನ ಪರವಾಗಿ ಎಂದೂ ತೋರದಷ್ಟು ಶ್ರದ್ಧೆಯಿಂದ ತಮ್ಮ ವಾದ ಮಂಡಿಸಿದಿರಿ. ಈ ದೇಶದಲ್ಲಿ ಏನು ಬೇಕಾದರೂ ಮಾಡಬಹುದು, ಮಧ್ಯಾಹ್ನದ ನಿದ್ದೆ ಕೆಡಿಸುವಂತಿಲ್ಲ. ಪೊಲೀಸಿನವರು ಬಂದರು, ಮತ್ತು ಬಂದದ್ದು ತಮ್ಮ ಹತ್ತಿರವಲ್ಲ, ನನ್ನ ಹತ್ತಿರ. "ಬೀಗ ತೆಗೀರಮ್ಮಾ, ನಮಗೂ ನಿದ್ದೆ ಇದೆ" ಎಂದರು. ತೆಗೆದೆ. ತಾವು ನನ್ನ ಕಡೆ ನೋಡದೆ ಒಳಗೆ ಬಂದಿರಿ. ಕೋಣನ ಮುಂದೆ ಕಿನ್ನರಿ ಬಾರಿಸಿದವರ ಸಂಕಟ ಏನೆಂದು ಅಂದು ತಿಳಿಯಿತು. ಕೋಣವಾದರೂ ಸುಮ್ಮನೆ ನಿಂತಿರುತ್ತದೆ.

ಇಲ್ಲಿಯವರೆಗೆ ದೂರು ಹೇಳಿದ್ದಾಯಿತು, ಈಗ ತಮ್ಮ ಗುಣಗಾನವನ್ನೂ ಮಾಡದಿದ್ದರೆ ಅನ್ಯಾಯವಾದೀತು. ಈ ದ್ವೀಪದಲ್ಲಿ ರಜೆ ಹಾಕದೆ ಕೆಲಸಕ್ಕೆ ಬರುವವರು ತಾವೊಬ್ಬರೇ. ಹೇಳಿದ ಹೊತ್ತಿಗೆ ಬರುವವರೂ ತಾವೊಬ್ಬರೇ. ತಮಗೆ ಕಾಫಿ ವಿರಾಮವಿಲ್ಲ, ತಾವು "ಆ ವಿಭಾಗ ನಮ್ಮದಲ್ಲ" ಎನ್ನುವುದಿಲ್ಲ, ತಮ್ಮ ಮುದ್ರೆಯೊತ್ತಲು ಯಾರೂ ಇನ್ನೊಂದು ಮುದ್ರೆ ಕೇಳುವುದಿಲ್ಲ, ಬೇಕಾದ ಕಡೆ ಬೇಕಾದಷ್ಟು ಒತ್ತಿ ಹೋಗುತ್ತೀರಿ. ಆದ್ದರಿಂದ ತಾವು ದಯಮಾಡಿ ಭೂದಾಖಲೆ ಕಚೇರಿಯ ಮುಖ್ಯಸ್ಥರ ಹುದ್ದೆಯನ್ನು ಸ್ವೀಕರಿಸಬೇಕೆಂದೂ, ಸಾಧ್ಯವಾದರೆ ವಾರಕ್ಕೊಮ್ಮೆ ನೋಟರಿಯವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಸಮುದ್ರ ಈಜಿ ಕರೆತರಬೇಕೆಂದೂ ನಾನು ಈ ಮೂಲಕ ಕೋರುತ್ತೇನೆ. ಯೋಗ್ಯತೆಯ ಬಗ್ಗೆ ತಾವು ಸಂಕೋಚಪಡಬೇಕಾಗಿಲ್ಲ.

ಆದರೆ ಒಂದು ಪ್ರಶ್ನೆ ನನ್ನನ್ನು ಕೊರೆಯುತ್ತಿತ್ತು. ಹಸನಾದ ಸಿಮೆಂಟ್ ರಸ್ತೆ ಬಿಟ್ಟು, ಕಲ್ಲುಮೆಟ್ಟಿಲಿನ ಈ ಇಕ್ಕಟ್ಟು ಅಂಗಳದ ಮೇಲೆ ತಮಗೆ ಇಷ್ಟೊಂದು ಮೋಹವೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಮೊನ್ನೆ. ಬೇಕರಿಯವನಿಗೆ ಯಾವ ಸಂತನ ಹೆಸರಿಟ್ಟಿದ್ದಾರೋ ಆ ಸಂತನ ಹಬ್ಬವೆಂದು ಅಂಗಡಿ ಮುಚ್ಚಿತ್ತು, ಹಾಗಾಗಿ ನಾನು ಬರಿಗೈಲಿ ಬೇಗ ಮನೆಗೆ ಬಂದೆ. ಅಂಜೂರದ ಮರದ ಹತ್ತಿರ ಬಂದವಳು ಅಲ್ಲೇ ನಿಂತುಬಿಟ್ಟೆ. ಮಂಚದಿಂದ ಮೇಜಿನವರೆಗೆ ಬರಲು ಮಾತೆ ಮರಿಯಳನ್ನು ದಾರಿಯುದ್ದಕ್ಕೂ ಕರೆಯುವ, ನನ್ನ ಭುಜಕ್ಕೆ ಜೋತುಬೀಳದೆ ಹೆಜ್ಜೆ ಇಡಲಾರೆನೆನ್ನುವ ನಮ್ಮ ಜಂಬೇತಾ ಅಜ್ಜಿ, ಅಡುಗೆಮನೆಯ ಕಿಟಕಿಯಲ್ಲಿ ಸೊಟ್ಟಗಾದರೂ ಸ್ವಂತ ಕಾಲ ಮೇಲೆ ನಿಂತು, ಬಾರ್ಲಿ ರಸ್ಕನ್ನು ನೀರಲ್ಲಿ ಅದ್ದಿ ಎಣ್ಣೆ ಸವರಿ ತಮ್ಮ ಬಾಯಿಗೆ ಇಡುತ್ತಿದ್ದರು. "ತಿನ್ನು ಮಗಾ, ನಿಧಾನವಾಗಿ ತಿನ್ನು. ಅವಳು ಬರೋದಕ್ಕೆ ಇನ್ನೂ ಹೊತ್ತಿದೆ. ನಾಳೆನೂ ಬಾ. ನೀನು ಬರ್ತಾ ಇರೋ ತನಕ ಆ ವಕೀಲ ನನ್ನ ಸಹಿಗೆ ಕರ್ಕೊಂಡು ಹೋಗೋ ಹಾಗಿಲ್ಲ" ಎನ್ನುತ್ತಿದ್ದರು.

ಮಾನ್ಯರೇ, ಗಜ್ಜರಿ, ತೀರ್ಥ, ಬೀಗ, ನೀಲಿ ಗುರುತು, ಎಲ್ಲವೂ ಕಣ್ಣ ಮುಂದೆ ಬಂತು. ಮನೆ ಕೊಡುತ್ತೇನೆಂದವರೇ ಕೊಡದ ಹಾಗೆ ನೋಡಿಕೊಳ್ಳುತ್ತಿದ್ದಾರೆಂದರೆ ಇನ್ನು ಯಾವ ಕಚೇರಿಯನ್ನು ಬೈಯಲಿ? ಸಿಟ್ಟು ಬಂತು, ಅಳು ಬಂತು. ಮಧ್ಯಾಹ್ನ ಬೇಳೆಯ ಸಾರು ಬಡಿಸಿ, ಖಾಲಿಯಾದ ರಸ್ಕಿನ ಚೀಲವನ್ನು ಮೇಜಿನ ಮೇಲಿಟ್ಟೆ.

"ರಸ್ಕು ಇಷ್ಟು ಬೇಗ ಹೇಗೆ ಮುಗೀತು ಅಜ್ಜಿ?"

"ನಾನು ತಿಂದೆ."

"ನಿಮಗೆ ಹಲ್ಲೇ ಇಲ್ಲವಲ್ಲ."

"ನೆನೆಸ್ಕೊಂಡು ತಿಂದೆ. ಅದಕ್ಕೂ ವಕೀಲನ್ನ ಕೇಳಬೇಕಾ?"

ಅಜ್ಜಿ ಸಾರಿನಲ್ಲಿ ಚಮಚ ಆಡಿಸುತ್ತಾ ಕೂತಿದ್ದವರು, ತಲೆಯೆತ್ತದೆ ಹೇಳತೊಡಗಿದರು. "ನಿನಗೆ ನಮ್ಮೂರ ಪದ್ಧತಿ ಗೊತ್ತಿಲ್ಲ. ನಮ್ಮಲ್ಲಿ ಮನೆ ಹೋಗೋದು ತಾಯಿಯಿಂದ ಮಗಳಿಗೆ. ಮಗಳ ಮದುವೆ ದಿನ ತಾಯಿ ಮನೆ ಬರೆದುಕೊಡ್ತಾಳೆ. ಬರೆದುಕೊಟ್ಟ ಸಂಜೆನೇ ಗಂಟು ಕಟ್ಕೊಂಡು ಹಿಂದಿನ ಕೋಣೆಗೆ ಹೋಗ್ತಾಳೆ. ನಮ್ಮಮ್ಮ ಹೋದಳು. ನಾನು ಹೊಸ ಕಸೂತಿ ಲಂಗದ ಪೆಟ್ಟಿಗೆ ತೆಗೆಯೋ ಸಡಗರದಲ್ಲಿ ತಿರುಗಿನೂ ನೋಡ್ಲಿಲ್ಲ. ಆ ಕೋಣೆಗೆ ಕಿಟಕಿ ಇಲ್ಲ ಕಣೇ. ಗೋಡೆ ಆಚೆ ಜನ ಮಾತಾಡೋದು ಕೇಳಿಸುತ್ತೆ, ಯಾರು ಅಂತ ಕಾಣಿಸಲ್ಲ. ನನಗೆ ಮಗಳಿಲ್ಲ, ಸದ್ಯ ಬಚಾವಾದೆ ಅಂದ್ಕೊಂಡಿದ್ದೆ. ಆಮೇಲೆ ನೀನು ಬಂದೆ."

ಅಜ್ಜಿಯ ಕೋಣೆಗೆ ಹೋಗಿ, ಕಿಟಕಿಯ ಪಕ್ಕದ ಅವರ ಮಂಚದ ಕೆಳಗೆ ಬಗ್ಗಿ ನೋಡಿದೆ. ಅಲ್ಲೊಂದು ಗಂಟು ಕಟ್ಟಿಟ್ಟಿತ್ತು: ಎರಡು ಉಡುಪು, ಉಣ್ಣೆಯ ಶಾಲು, ಗಂಡನ ಫೋಟೋ, ಮಾತೆ ಮರಿಯಳ ಚಿಕ್ಕ ಪಟ. ಇಪ್ಪತ್ತು ವರ್ಷ ನನ್ನ ಮಂಚದ ಕೆಳಗೆ ನಾನು ಸೂಟ್‌ಕೇಸು ಇಟ್ಟುಕೊಂಡು ಮಲಗಿದ್ದೆ, ಈಗ ಅವರು ತಮ್ಮ ಮನೆಯಲ್ಲೇ ತಮ್ಮ ಗಂಟು ಕಟ್ಟಿಕೊಂಡು ಮಲಗಿದ್ದರು. ಆ ಕಿಟಕಿಯ ಪಕ್ಕದ ಮಂಚದ ಮೇಲೆ ನನಗೆ ಆಸೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆ ಗಂಟನ್ನು ನೋಡಿದ ಮೇಲೆ ಆಸೆ ಪಡುವುದು ನನ್ನಿಂದಾಗಲಿಲ್ಲ.

ಗಂಟನ್ನು ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿಟ್ಟು, ನೇರ ವಕೀಲರ ಹತ್ತಿರ ಹೋದೆ. ಅಜ್ಜಿ ಬದುಕಿರುವವರೆಗೆ ಅವರು ಈಗಿರುವ ಕೋಣೆಯಲ್ಲೇ, ಈಗಿರುವ ಕಿಟಕಿಯ ಪಕ್ಕದಲ್ಲೇ ಇರುತ್ತಾರೆ, ನಾನು ಕೂಡ ಎಬ್ಬಿಸುವಂತಿಲ್ಲ, ಹಾಗೆ ಬರೆಯಲು ಬರುತ್ತದೆಯೇ ಎಂದು ಕೇಳಿದೆ. ವಕೀಲರು, "ಅದಕ್ಕೇನು ತಾಯಿ, ಎಲ್ಲರೂ ಬರೆಸ್ತಾರೆ, ಒಂದು ಸಾಲು" ಎಂದರು. ಸಂಜೆ ಮನೆಗೇ ಬಂದು ಅಜ್ಜಿಗೆ ಓದಿ ಹೇಳಿದರು. ಅಜ್ಜಿ ಎರಡು ಸಲ ಓದಿಸಿಕೊಂಡು, ಗಾಳಿಗೆ ಮೂರು ಸಲ ಥೂ ಥೂ ಎಂದು ದೃಷ್ಟಿ ತೆಗೆದು, "ಹಂಗಾದ್ರೆ ಅವನದ್ದೂ ಒಂದು ಸಾಲು ಹಾಕಪ್ಪ. ಸಾಯೋ ತನಕ ಅವನೂ ಈ ಅಂಗಳದಲ್ಲಿ ಓಡಾಡಲಿ. ಇಷ್ಟು ದಿನ ನನ್ನ ಮಾತು ಕೇಳ್ಕೊಂಡು ಬಂದಿದಾನೆ, ಈಗ ಕೈ ಬಿಡೋಕಾಗುತ್ತಾ?" ಎಂದರು.

ವಕೀಲರು ಕನ್ನಡಕ ಸರಿಮಾಡಿಕೊಂಡು, "ಬರೆದರಾಯ್ತು. ಹಕ್ಕು ಇದೆ ಅಂತ ಬರೆದುಬಿಟ್ಟರೆ ಅಳಿಸೋ ತಾಪತ್ರಯವೇ ಇಲ್ಲ. ಮೊದಲೇ ಹೀಗೆ ಅಂದಿದ್ರೆ ಯಾವತ್ತೋ ಮುಗೀತಿತ್ತಲ್ಲ" ಎಂದರು. ಮೊದಲೇ ಯಾರು ಅನ್ನಬೇಕಿತ್ತು ಎಂದು ನಾನು ಕೇಳಲಿಲ್ಲ. ತಮ್ಮ ಹಿಂಗಾಲುಗಳು ನನಗಿದ್ದಿದ್ದರೆ ಎಂದು ಆ ಕ್ಷಣ ಅನ್ನಿಸಿದ್ದು ನಿಜ.

ಅಂತೂ ತಮ್ಮನ್ನು ಓಡಿಸಲು ಹೊರಟವಳು ತಮ್ಮ ಹಕ್ಕನ್ನು ಬರೆಸಲು ನಿಂತೆ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಹಕ್ಕುದಾರರು ಯಾರೆಂದು ಗುರುತಿಸಬೇಕು, ಅವರ ದಾಖಲೆ ಎಲ್ಲಿ ಎಂದು ನೋಟರಿಯವರು ಕೇಳಿದರು. ಈ ದೇಶದಲ್ಲಿ ಪ್ರತಿಯೊಂದು ಕುದುರೆಗೂ ಕತ್ತೆಗೂ ಪಾಸ್‌ಪೋರ್ಟ್ ಇರಲೇಬೇಕಂತೆ. ಪಾಂಟೆಲಿಸ್ ಅಜ್ಜ ಇದನ್ನು ಕೇಳಿ, "ಇವನು ಯಾವ ದೇಶಕ್ಕೆ ಹೋಗ್ತಾನೆ ಅಂತ ಪಾಸ್‌ಪೋರ್ಟು? ಪಕ್ಕದ ಗುಡ್ಡಕ್ಕೆ ಹೋಗು ಅಂದ್ರೇ ಹೋಗಲ್ಲ" ಎಂದು ನಕ್ಕರು. ವಿಚಾರಿಸಿದರೆ ತಮ್ಮ ಬಳಿ ಒಂದು ಚೂರು ಕಾಗದವೂ ಇಲ್ಲ. ಹುಟ್ಟಿದಾಗಿನಿಂದ ತಾವು ಈ ದ್ವೀಪದಲ್ಲಿ ಅನಧಿಕೃತವಾಗಿ ವಾಸಿಸುತ್ತಿದ್ದೀರಿ.

ಇದನ್ನು ಕೇಳಿ ನನಗಾದ ಸಂತೋಷವನ್ನು ತಾವು ತಪ್ಪು ತಿಳಿಯಬಾರದು. ಇಷ್ಟು ವರ್ಷ ಈ ಊರಿನಲ್ಲಿ ಕಾಗದವಿಲ್ಲದೆ ಬದುಕಿದವಳು ಎಂದರೆ ನಾನೊಬ್ಬಳೇ ಎಂದುಕೊಂಡಿದ್ದೆ. ಬನ್ನಿ, ನಮ್ಮ ಸಾಲಿಗೆ ತಮಗೆ ಹಾರ್ದಿಕ ಸ್ವಾಗತ. ಅನುಭವಸ್ಥಳಾಗಿ ಕೆಲವು ಮಾತು ಹೇಳುತ್ತೇನೆ. ಪಶುವೈದ್ಯರು ಸೋಮವಾರ ಬರುತ್ತಾರೆ, ಅಂದರೆ ಬುಧವಾರ ಬಂದರೂ ಬರಬಹುದು. ವಯಸ್ಸು ತಿಳಿಯಲು ಹಲ್ಲು ನೋಡುತ್ತಾರೆ, ದಯವಿಟ್ಟು ಬಾಯಿ ತೆರೆಯಿರಿ. ಚರ್ಮದೊಳಗೆ ಗುರುತಿನ ಚಿಪ್ ಚುಚ್ಚುತ್ತಾರೆ, ಒದೆಯಬೇಡಿ. ಎಲ್ಲಿಂದ ಬಂದೆ, ಯಾಕೆ ಬಂದೆ, ಯಾವಾಗ ಹೋಗುತ್ತೀಯೆ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಿ ನಿಂತುಬಿಡಿ, ನಾನು ಹಾಗೆಯೇ ಮಾಡುತ್ತಿದ್ದೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಾಗದ ಬರುವವರೆಗೂ ಬದುಕಿರಿ. ಅಜ್ಜಿಗೂ ಇದನ್ನೇ ಹೇಳಿದ್ದೇನೆ. ಈ ವ್ಯವಹಾರದಲ್ಲಿ ಸಾಯದೆ ಕಾಯುವುದೊಂದೇ ನಮ್ಮ ಮೂವರ ಕೈಲಿರುವ ಕೆಲಸ.

ತಮ್ಮ ಒದೆಗೆ ಎಟುಕದಷ್ಟು ದೂರದಲ್ಲಿ, ಕೂಗಿಗೆ ಮಾತ್ರ ಎಟುಕುವಷ್ಟು ಹತ್ತಿರದಲ್ಲಿ ನಿಂತಿರುವ

ತಮ್ಮ ವಿಶ್ವಾಸಿ,
ಲಮಾರಾ
(ಅಡುಗೆಮನೆಯ ಮಡಿಸುವ ಮಂಚ, ಜಂಬೇತಾ ಅಜ್ಜಿಯ ಮನೆ, ಮೇಲೂರು)

ತಾ.ಕ.: ಕಾಫಿ ಅಂಗಡಿಯ ಗೋಡೆಗೆ ಅಂಟಿಸಲು ಗೋಂದು ಹುಡುಕುವಷ್ಟರಲ್ಲಿ ತಮ್ಮ ಪಾಸ್‌ಪೋರ್ಟ್ ಬಂದುಬಿಟ್ಟಿತು. ಎರಡು ವಾರವೂ ಹಿಡಿಯಲಿಲ್ಲ. ಇದೇ ದೇಶದಲ್ಲಿ ನನ್ನ ವಾಸದ ಪರವಾನಗಿಗೆ ಆರು ವರ್ಷ ಹಿಡಿದಿತ್ತು. ಅರ್ಜಿಯಲ್ಲಿ ನಾನು ಮಾಡಿದ ತಪ್ಪೇನೆಂದು ಈಗ ಅರ್ಥವಾಯಿತು, ಎರಡು ಕಾಲು ಎಂದು ಬರೆದಿದ್ದೆ.

ಇನ್ನೊಂದು ಮಾತು. ಈ ಗುರುವಾರ ಗಾಳಿ ಇಲ್ಲವಂತೆ, ನೋಟರಿ ಬರುತ್ತಾರಂತೆ. ಅಜ್ಜಿ ಕಸೂತಿಯ ಲಂಗ ತೆಗೆದಿಟ್ಟಿದ್ದಾರೆ, ಸಹಿ ಹಾಕಲು ಬೆಳಿಗ್ಗೆಯೇ ಕೆಳಗಿನ ಊರಿಗೆ ಹೋಗಬೇಕು. ಹೊರಡುವ ಗಡಿಬಿಡಿಯಲ್ಲಿ ಅವರು ಕಿಟಕಿಯ ಹತ್ತಿರ ಬರಲಾಗುವುದಿಲ್ಲ, ಹಾಗಾಗಿ ಅಂದು ರಸ್ಕು ನಾನು ಕೊಡುತ್ತೇನೆ. ಎಣ್ಣೆ ಎಷ್ಟು ಸವರಬೇಕೆಂದು ಅವರು ತೋರಿಸಿಕೊಟ್ಟಿದ್ದಾರೆ. ಬೀಗವನ್ನು ಪಾಂಟೆಲಿಸ್ ಅಜ್ಜನ ಮೇಕೆ ಕೊಟ್ಟಿಗೆಗೆ ಕೊಟ್ಟುಬಿಟ್ಟೆ. ತಡಮಾಡದೆ ಬನ್ನಿ.